ಪಾಯಿಂಟರ್, ಸ್ಟ್ರಕ್ಚರ್ ಮತ್ತು ಮೆಮೊರಿ: ಸಿ ಕಂಪೈಲರ್‌ನ ಲೆಕ್ಕಾಚಾರ

ಕಂಪ್ಯೂಟರಿನ ಮೆಮೊರಿಯಲ್ಲಿ ಇರುವುದು ಬೈಟುಗಳು ಮಾತ್ರ. ಒಂದೊಂದು ಬೈಟಿನಲ್ಲಿ 0ಯಿಂದ 255ರವರೆಗಿನ ಒಂದು ಸಂಖ್ಯೆ, ಒಂದೊಂದು ಬೈಟಿಗೂ ಒಂದು ವಿಳಾಸ. ಇದರಾಚೆ ಅಲ್ಲಿ ಬೇರೆ ಯಾವ ಗುರುತೂ ಇಲ್ಲ. ಇಲ್ಲಿರುವುದು ಪೂರ್ಣಾಂಕ, ಇದು ಅಕ್ಷರ, ಇದು ಇನ್ನೊಂದು ಜಾಗದ ವಿಳಾಸ ಎಂಬ ತಿಳಿವಳಿಕೆಯೆಲ್ಲ ಸಿ ಭಾಷೆಯಲ್ಲಿ ಕಂಪೈಲರ್‌ನ ಬಳಿ ಇರುತ್ತದೆ. ಪ್ರೋಗ್ರಾಂ ಓಡುವ ಹೊತ್ತಿಗೆ ಆ ತಿಳಿವಳಿಕೆ ‘ಈ ವಿಳಾಸದಿಂದ ನಾಲ್ಕು ಬೈಟು ಓದು’, ‘ಆ ವಿಳಾಸಕ್ಕೆ ಎಂಟು ಕೂಡಿಸು’ ಎಂಬಂಥ ಯಂತ್ರಸೂಚನೆಗಳಾಗಿ ಮಾರ್ಪಟ್ಟಿರುತ್ತದೆ. ವಿಳಾಸವನ್ನು ಇಟ್ಟುಕೊಳ್ಳುವ ಪಾಯಿಂಟರ್, ಹಲವು ಮೌಲ್ಯಗಳನ್ನು ಒಂದಾಗಿ ಕಟ್ಟಿಡುವ ಸ್ಟ್ರಕ್ಚರ್ ಇವೆರಡೂ ಕಷ್ಟ ಎಂಬ ದೂರು ಕಲಿಯುವವರಲ್ಲಿ ಸಾಮಾನ್ಯ. ಕಂಪೈಲರ್ ಇಟ್ಟುಕೊಳ್ಳುವ ಈ ಲೆಕ್ಕ ಕಣ್ಣಿಗೆ ಬಿದ್ದರೆ ಆ ಕಷ್ಟದ ಬಹುಪಾಲು ಕರಗುತ್ತದೆ.

ಕಾಸರಗೋಡಿನ ಪಿನ್‌ಕೋಡ್ 671121. ಇದನ್ನು ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ‘ಇಂಟ್’ ಟೈಪಿನ ಚರವೊಂದಕ್ಕೆ ಕೊಟ್ಟರೆ ಅದು ನಾಲ್ಕು ಬೈಟುಗಳಲ್ಲಿ ಕೂರುತ್ತದೆ. ಆ ಬೈಟುಗಳು ಕ್ರಮವಾಗಿ 145, 61, 10, 0. ಮೊದಲನೆಯದು ಬಿಡಿ, ಎರಡನೆಯದಕ್ಕೆ 256ರ ಬೆಲೆ, ಮೂರನೆಯದಕ್ಕೆ 65536ರ ಬೆಲೆ. 145, 15616, 655360 ಕೂಡಿದರೆ 671121. ಕಿರಿಯ ಬೆಲೆಯ ಬೈಟನ್ನು ಮೊದಲು ಇಡುವ ಈ ಕ್ರಮಕ್ಕೆ ‘ಲಿಟಲ್ ಎಂಡಿಯನ್’ ಎಂದು ಹೆಸರು. ಇಂಟೆಲ್, ಎಎಂಡಿ ಪ್ರೊಸೆಸರ್‌ಗಳು ಅನುಸರಿಸುವುದು ಇದನ್ನೇ. ಇಂದಿನ ಫೋನುಗಳಲ್ಲಿರುವ ಆರ್ಮ್ ಪ್ರೊಸೆಸರ್‌ಗಳೂ ವಾಡಿಕೆಯಲ್ಲಿ ಹೀಗೆಯೇ ನಡೆಯುತ್ತವೆ. ‘ಬಿಗ್ ಎಂಡಿಯನ್’ ಯಂತ್ರದಲ್ಲಿ ಇದೇ ಸಂಖ್ಯೆ 0, 10, 61, 145 ಎಂದು ಕೂರುತ್ತದೆ.

ಈಗ ಆ ನಾಲ್ಕು ಬೈಟುಗಳ ಮೊದಲ ವಿಳಾಸವನ್ನು ಮೂರು ಬೇರೆ ಬೇರೆ ಪಾಯಿಂಟರ್‌ಗಳಲ್ಲಿ ಇಡಬಹುದು. ಇಂಟ್ ಪಾಯಿಂಟರ್ ಮೂಲಕ ಓದಿದರೆ 671121 ಬರುತ್ತದೆ. ‘ಶಾರ್ಟ್’ ಪಾಯಿಂಟರ್ ಮೂಲಕ ಓದಲು ಬರೆದರೆ ಯಂತ್ರ ಎರಡೇ ಬೈಟು ಎತ್ತಿಕೊಳ್ಳುತ್ತದೆ. ಆಗ ಸಿಗುವುದು 15761. ಚಿಹ್ನೆಯಿಲ್ಲದ ‘ಚಾರ್’ ಪಾಯಿಂಟರ್ ಮೂಲಕವಾದರೆ ಒಂದೇ ಬೈಟು, 145. ಮೂರರಲ್ಲೂ ಇರುವ ವಿಳಾಸ ಒಂದೇ. ಎಷ್ಟು ಬೈಟು ಓದಬೇಕು, ಓದಿದ್ದನ್ನು ಹೇಗೆ ಅರ್ಥೈಸಬೇಕು ಎಂಬುದನ್ನು ತೀರ್ಮಾನಿಸಿದ್ದು ಪಾಯಿಂಟರ್‌ನ ಟೈಪ್.

ಟೈಪ್ ಬಂದ ಬಗೆ

ಸಿ ಭಾಷೆಯ ಪೂರ್ವಜ ಬಿ ಭಾಷೆಯಲ್ಲಿ ಟೈಪ್ ಎಂಬುದೇ ಇರಲಿಲ್ಲ. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ರೂಪಿಸಿದ ಆ ಭಾಷೆಗೆ ಗೊತ್ತಿದ್ದುದು ಯಂತ್ರದ ‘ವರ್ಡ್’ ಒಂದೇ. ಪಾಯಿಂಟರ್ ಎಂದರೆ ಎಷ್ಟನೆಯ ವರ್ಡ್ ಎಂಬ ಕ್ರಮಸಂಖ್ಯೆ. ವರ್ಡ್‌ಗಳಿಗೆ ಮಾತ್ರ ವಿಳಾಸವಿದ್ದ ಹಳೆಯ ಯಂತ್ರದಲ್ಲಿ ಇದು ಸಲೀಸಾಗಿ ನಡೆಯಿತು. ಮುಂದೆ ಬಂದ ಪಿಡಿಪಿ-11 ಯಂತ್ರದಲ್ಲಿ ಪ್ರತಿ ಬೈಟಿಗೂ ವಿಳಾಸವಿತ್ತು. ಹೀಗಾಗಿ ಪಾಯಿಂಟರ್ ಬಳಸಿದಾಗಲೆಲ್ಲ ವರ್ಡ್‌ನ ಕ್ರಮಸಂಖ್ಯೆಯನ್ನು ಬೈಟಿನ ವಿಳಾಸಕ್ಕೆ ಪರಿವರ್ತಿಸಬೇಕಾಯಿತು. ಪ್ರೋಗ್ರಾಂ ಓಡುವಾಗ ಪದೇ ಪದೇ ಮಾಡಬೇಕಿದ್ದ ಈ ಕೆಲಸ ದುಬಾರಿ. ಡೆನ್ನಿಸ್ ರಿಚಿ ಭಾಷೆಗೆ ಟೈಪ್‌ಗಳನ್ನು ತಂದುದಕ್ಕೆ ಇದೂ ಒಂದು ಕಾರಣ. ಟೈಪ್ ಗೊತ್ತಿದ್ದರೆ ಗುಣಾಕಾರದ ಲೆಕ್ಕವನ್ನು ಕಂಪೈಲರ್ ಮೊದಲೇ ಮಾಡಿಡಬಹುದು. ಪಾಯಿಂಟರ್‌ನಲ್ಲಿ ನೇರವಾಗಿ ಬೈಟಿನ ವಿಳಾಸವನ್ನೇ ಇಡಬಹುದು.

ಸ್ಟ್ರಕ್ಚರ್‌ಗೆ ಅಡಿಪಾಯವಾದ ಒಂದು ತೀರ್ಮಾನವೂ ಆಗಲೇ ಮೂಡಿತು. ಆರಂಭದ ಯೂನಿಕ್ಸ್‌ನಲ್ಲಿ ಡೈರೆಕ್ಟರಿಯ ಒಂದು ನಮೂದು ಎಂದರೆ 2 ಬೈಟಿನ ಒಂದು ಸಂಖ್ಯೆ, ಅದರ ಹಿಂದೆಯೇ 14 ಬೈಟಿನ ಹೆಸರು. ಒಟ್ಟು 16 ಬೈಟು. ಬಿ ಭಾಷೆಯ ಪದ್ಧತಿಯಂತೆ ಅರೇ ಎಂದರೆ ಅದರ ಜಾಗ, ಜೊತೆಗೆ ಆ ಜಾಗವನ್ನು ತೋರಿಸುವ ಪ್ರತ್ಯೇಕ ಪಾಯಿಂಟರ್. ಡಿಸ್ಕಿನಲ್ಲಿರುವ 16 ಬೈಟಿನ ನಮೂದಿನಲ್ಲಿ ಅಂಥ ಪಾಯಿಂಟರ್‌ಗೆ ಎಡೆಯೇ ಇರಲಿಲ್ಲ. ರಿಚಿ ಅದನ್ನು ಕಿತ್ತುಹಾಕಿ, ಅರೇಯ ಹೆಸರು ಲೆಕ್ಕದೊಳಗೆ ಬಂದಾಗ ಅದರ ಮೊದಲ ಅಂಶದ ವಿಳಾಸವಾಗಿ ಮಾರ್ಪಡಬೇಕು ಎಂಬ ನಿಯಮ ಮಾಡಿದರು. ಮೆಮೊರಿಯಲ್ಲಿ ಉಳಿದದ್ದು ಅರೇಯ ಬೈಟುಗಳು ಮಾತ್ರ. ಸಿ ಭಾಷೆಗೆ ಸ್ಟ್ರಕ್ಚರ್ ಸೇರಿದ ಬಳಿಕ, 1973ರಲ್ಲಿ, ಯೂನಿಕ್ಸ್‌ನ ಕರ್ನಲನ್ನು ಆ ಭಾಷೆಯಲ್ಲಿ ಮರಳಿ ಬರೆಯಲಾಯಿತು.

ಕಂಪೈಲರ್‌ನ ಒಳಗಿನ ದಾಖಲೆ

ಪ್ರೋಗ್ರಾಮನ್ನು ಓದುತ್ತ ಹೋದಂತೆ ಕಂಪೈಲರ್ ಪ್ರತಿ ಟೈಪ್‌ಗೂ ಒಂದು ದಾಖಲೆ ತೆರೆಯುತ್ತದೆ. ಇಂಟ್‌ನ ದಾಖಲೆಯಲ್ಲಿ ಅದರ ಬಗೆ, ಗಾತ್ರ, ಅದು ಎಂಥ ವಿಳಾಸದಲ್ಲಿ ಕೂರಬೇಕು ಎಂಬ ಕಟ್ಟಳೆ ಇರುತ್ತವೆ. ಪಾಯಿಂಟರ್‌ನ ದಾಖಲೆಯಲ್ಲಿ ಇವುಗಳ ಜೊತೆಗೆ ಒಂದು ಕೊಂಡಿ ಇರುತ್ತದೆ. ಅದು ತೋರಿಸುವ ಟೈಪ್‌ನ ದಾಖಲೆಗೆ ಆ ಕೊಂಡಿ ಒಯ್ಯುತ್ತದೆ. ಪಾಯಿಂಟರ್‌ಗೆ ಪಾಯಿಂಟರ್ ಆದರೆ ಕೊಂಡಿಗಳೂ ಎರಡು. ಸ್ಟ್ರಕ್ಚರ್‌ನ ದಾಖಲೆಯಲ್ಲಿ ಸದಸ್ಯರ ಪಟ್ಟಿ ಇದ್ದು, ಪ್ರತಿ ಸದಸ್ಯನಿಗೂ ಹೆಸರು, ಟೈಪ್, ಸ್ಟ್ರಕ್ಚರ್‌ನ ಆರಂಭದಿಂದ ಎಷ್ಟು ಬೈಟು ದೂರ ಎಂಬ ಆಫ್‌ಸೆಟ್ ನಮೂದಾಗಿರುತ್ತವೆ.

ಪಾಯಿಂಟರ್ ಏನನ್ನೇ ತೋರಿಸಲಿ, ಒಂದು ಯಂತ್ರದಲ್ಲಿ ಅದರ ಗಾತ್ರ ಸಾಮಾನ್ಯವಾಗಿ ಒಂದೇ. ಕೇರಳದ ಶಾಲೆಗಳ ಲ್ಯಾಪ್‌ಟಾಪುಗಳಲ್ಲಿ ಬಳಕೆಯಲ್ಲಿರುವ ಕೈಟ್ ಸಂಸ್ಥೆಯ ಗ್ನೂ/ಲಿನಕ್ಸ್‌ನಂಥ 64 ಬಿಟ್ ವ್ಯವಸ್ಥೆಯಲ್ಲಿ ಅದು 8 ಬೈಟು. ತಿರುವನಂತಪುರದ ಸಿ-ಡ್ಯಾಕ್ ರೂಪಿಸಿದ ವೇಗ ಸರಣಿಯ 32 ಬಿಟ್ ರಿಸ್ಕ್-ವಿ ಚಿಪ್ ತೇಜಸ್32ರಲ್ಲಿ 4 ಬೈಟು. ವಿದ್ಯಾರ್ಥಿಗಳ ಪ್ರಾಜೆಕ್ಟುಗಳಲ್ಲಿ ಕಾಣುವ ಆರ್ಡುಯಿನೊ ಉನೊ ಬೋರ್ಡಿನ ಎವಿಆರ್ ಚಿಪ್‌ನಲ್ಲಿ 2 ಬೈಟು. ನಮ್ಮ ಕಾಲೇಜುಗಳಲ್ಲಿ ಬಹುಕಾಲ ಪಾಠಕ್ಕಿದ್ದ ಟರ್ಬೊ ಸಿ ಕಂಪೈಲರ್‌ನಲ್ಲಂತೂ ಒಂದೇ ಯಂತ್ರದಲ್ಲಿ ಎರಡು ಗಾತ್ರಗಳಿದ್ದವು: ‘ನಿಯರ್’ ಪಾಯಿಂಟರ್‌ಗೆ 2 ಬೈಟು, ‘ಫಾರ್’ ಪಾಯಿಂಟರ್‌ಗೆ 4. ಅಲ್ಲಿಯೂ ಉನೊ ಬೋರ್ಡಿನಲ್ಲಿಯೂ ಇಂಟ್ ಸಹ 2 ಬೈಟು. ಆರಂಕಿಯ ಪಿನ್‌ಕೋಡ್ ಅದರಲ್ಲಿ ಹಿಡಿಸದು, ‘ಲಾಂಗ್’ ಬೇಕಾಗುತ್ತದೆ.

ಪಾಯಿಂಟರ್‌ನ ಟೈಪ್ ಇನ್ನೆರಡು ಕೆಲಸಗಳಿಗೂ ಬೇಕು. ಮೊದಲನೆಯದು ಕೂಡುವಿಕೆ. ಇಂಟ್ ಪಾಯಿಂಟರ್‌ನಲ್ಲಿ 1000 ಎಂಬ ವಿಳಾಸವಿದ್ದು ಅದಕ್ಕೆ ಒಂದನ್ನು ಕೂಡಿಸಿದರೆ ಸಿಗುವುದು 1004. 32 ಬೈಟಿನ ಸ್ಟ್ರಕ್ಚರ್‌ನ ಪಾಯಿಂಟರ್ ಆದರೆ 1032. ಕೂಡಿಸುವ ಸಂಖ್ಯೆಯನ್ನು ಕಂಪೈಲರ್ ಟೈಪ್‌ನ ಗಾತ್ರದಿಂದ ಗುಣಿಸುತ್ತದೆ. ಯಾವ ಟೈಪನ್ನೂ ಸೂಚಿಸದ ‘ವಾಯ್ಡ್’ ಪಾಯಿಂಟರ್‌ಗೆ ಗುಣಿಸಲು ಗಾತ್ರವೇ ಇಲ್ಲ. ಆದ್ದರಿಂದ ಅದರ ಮೇಲೆ ಕೂಡುವಿಕೆಗೆ ಸಿ ಭಾಷೆಯ ಮಾನಕದಲ್ಲಿ ಅನುಮತಿಯಿಲ್ಲ. ಎರಡನೆಯದು ವೇಗ ಹೆಚ್ಚಿಸುವ ಕೆಲಸ. ಇಂಟ್ ಪಾಯಿಂಟರ್ ಮತ್ತು ಫ್ಲೋಟ್ ಪಾಯಿಂಟರ್ ಒಂದೇ ವಸ್ತುವನ್ನು ತೋರಿಸುವುದಿಲ್ಲ ಎಂದು ಕಂಪೈಲರ್ ನಂಬಲು ಮಾನಕ ಅವಕಾಶ ಕೊಡುತ್ತದೆ. ಒಂದರ ಮೂಲಕ ಬರೆದ ಮೇಲೆ ಇನ್ನೊಂದರಿಂದ ಮತ್ತೆ ಓದುವ ಕೆಲಸವನ್ನು ಆಗ ಕಂಪೈಲರ್ ಬಿಟ್ಟುಬಿಡಬಹುದು. ಚಾರ್ ಪಾಯಿಂಟರ್‌ಗೆ ಮಾತ್ರ ವಿನಾಯಿತಿಯಿದೆ. ಯಾವ ವಸ್ತುವಿನ ಬೈಟುಗಳನ್ನಾದರೂ ಅದರಿಂದ ನೋಡಬಹುದು. ಮೇಲೆ ಹೇಳಿದ ಪಿನ್‌ಕೋಡ್ ಉದಾಹರಣೆಯಲ್ಲಿ ಚಾರ್ ಮೂಲಕ ಓದುವುದು ನಿಯಮಬದ್ಧ. ಶಾರ್ಟ್ ಮೂಲಕ ಓದುವುದು ನಿಯಮದ ಹೊರಗಿನದು. ವೇಗ ಹೆಚ್ಚಿಸುವ ಹಂತದಲ್ಲಿ ಕಂಪೈಲರ್ ಅದಕ್ಕೆ ಬೇರೆಯೇ ಫಲ ಕೊಟ್ಟೀತು. ಇಂಥ ಊಹೆ ಬೇಡವೆಂದು ಸೂಚನೆ ಕೊಟ್ಟೇ ಲಿನಕ್ಸ್ ಕರ್ನಲನ್ನು ಕಂಪೈಲ್ ಮಾಡಲಾಗುತ್ತದೆ.

ಕಂಪೈಲರ್‌ನ ಮುಂದಿನ ಹಂತಗಳಿಗೆ ಈ ಟೈಪ್ ಎಷ್ಟರಮಟ್ಟಿಗೆ ಬೇಕು ಎಂಬುದಕ್ಕೆ ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಚೌಕಟ್ಟು ಒಳ್ಳೆಯ ನಿದರ್ಶನ. ಅದರ ಮಧ್ಯಂತರ ಭಾಷೆಯಲ್ಲಿ ಮೊದಲು ಪ್ರತಿ ಪಾಯಿಂಟರ್‌ಗೂ ಅದು ತೋರಿಸುವ ಟೈಪ್ ನಮೂದಾಗುತ್ತಿತ್ತು. 2022ರಲ್ಲಿ ಬಂದ 15ನೇ ಆವೃತ್ತಿಯಿಂದ ಅಲ್ಲಿ ಪಾಯಿಂಟರ್ ಎಂಬ ಒಂದೇ ಟೈಪ್ ವಾಡಿಕೆಯಾಯಿತು. ಎಷ್ಟು ಬೈಟು ಓದಬೇಕು, ಎಷ್ಟು ದೂರ ಸಾಗಬೇಕು ಎಂಬುದನ್ನು ಆಯಾ ಸೂಚನೆಯೇ ಹೇಳುತ್ತದೆ. ಸಿ ಭಾಷೆಯ ಟೈಪ್ ಪರಿಶೀಲನೆ ಅದಕ್ಕೂ ಮೊದಲೇ, ಕ್ಲ್ಯಾಂಗ್ ಎಂಬ ಮುಂಭಾಗದಲ್ಲಿ, ಮುಗಿದಿರುತ್ತದೆ.

ಸ್ಟ್ರಕ್ಚರ್‌ನ ನಕ್ಷೆ

ಕಾಸರಗೋಡು ಜಿಲ್ಲೆಯ ಸ್ಥಳೀಯಾಡಳಿತಗಳ ಪಟ್ಟಿ ಮಾಡಬೇಕಾಗಿದೆ ಎಂದುಕೊಳ್ಳೋಣ. ಕಾಸರಗೋಡು ನಗರಸಭೆ, ಮಂಜೇಶ್ವರ ಗ್ರಾಮ ಪಂಚಾಯತು ಹೀಗೆ ಒಂದೊಂದಕ್ಕೂ ಒಂದು ಸ್ಟ್ರಕ್ಚರ್. ಅದರಲ್ಲಿ ಐವರು ಸದಸ್ಯರು: ನಗರಸಭೆಯೋ ಪಂಚಾಯತೋ ಎಂದು ಹೇಳುವ ‘ಮಟ್ಟ’ (ಚಾರ್), ‘ಪಿನ್’ (ಇಂಟ್), ‘ವಾರ್ಡುಗಳು’ (ಶಾರ್ಟ್), ‘ಹೆಸರು’ (ಚಾರ್ ಪಾಯಿಂಟರ್), ‘ಮುಂದಿನದು’ (ಇದೇ ಸ್ಟ್ರಕ್ಚರ್‌ಗೆ ಪಾಯಿಂಟರ್). ಗಾತ್ರಗಳನ್ನು ಕೂಡಿದರೆ 1, 4, 2, 8, 8, ಒಟ್ಟು 23 ಬೈಟು. 64 ಬಿಟ್ ಲಿನಕ್ಸ್‌ನಲ್ಲಿ ಕಂಪೈಲರನ್ನು ಕೇಳಿದರೆ ಅದು ಹೇಳುವುದು 32. ಮೆಮೊರಿಯಲ್ಲಿ ಅದರ ನಕ್ಷೆ ಹೀಗಿರುತ್ತದೆ:

ಬೈಟ್ 0: ಮಟ್ಟ
ಬೈಟ್ 1–3: ಖಾಲಿ
ಬೈಟ್ 4–7: ಪಿನ್
ಬೈಟ್ 8–9: ವಾರ್ಡುಗಳು
ಬೈಟ್ 10–15: ಖಾಲಿ
ಬೈಟ್ 16–23: ಹೆಸರು
ಬೈಟ್ 24–31: ಮುಂದಿನದು

ಈ ಖಾಲಿ ಬೈಟುಗಳಿಗೆ ‘ಪ್ಯಾಡಿಂಗ್’ ಎನ್ನುತ್ತಾರೆ. ಇದರ ಮೂಲ ಇರುವುದು ಪ್ರೊಸೆಸರ್‌ನ ಓದುವ ರೀತಿಯಲ್ಲಿ. ನಾಲ್ಕು ಬೈಟಿನ ಸಂಖ್ಯೆ 4ರಿಂದ ಭಾಗವಾಗುವ ವಿಳಾಸದಲ್ಲಿ, ಎಂಟು ಬೈಟಿನದು 8ರಿಂದ ಭಾಗವಾಗುವ ವಿಳಾಸದಲ್ಲಿ ಇದ್ದರೆ ಒಂದೇ ಸಲಕ್ಕೆ ಓದಿ ಮುಗಿಯುತ್ತದೆ. ಅಡ್ಡಾದಿಡ್ಡಿ ವಿಳಾಸದಲ್ಲಿದ್ದರೆ ಕೆಲವು ಪ್ರೊಸೆಸರ್‌ಗಳು ಎರಡು ಸಲ ಓದುತ್ತವೆ. ಕೆಲವು ಪ್ರೋಗ್ರಾಮನ್ನೇ ತಡೆದು ನಿಲ್ಲಿಸುತ್ತವೆ. ಈ ಕಟ್ಟಳೆಯ ಹೆಸರು ‘ಅಲೈನ್‌ಮೆಂಟ್’.

ಕಂಪೈಲರ್‌ನ ಲೆಕ್ಕ ಸರಳ. ಆಫ್‌ಸೆಟ್ 0ಯಿಂದ ಹೊರಟು, ಪ್ರತಿ ಸದಸ್ಯನಿಗೂ ಅವನ ಅಲೈನ್‌ಮೆಂಟಿಗೆ ಹೊಂದುವ ಮುಂದಿನ ಆಫ್‌ಸೆಟ್ಟಿಗೆ ಸರಿದು ಜಾಗ ಕೊಡುವುದು. ಎಲ್ಲ ಸದಸ್ಯರಲ್ಲಿ ಅತಿ ಹೆಚ್ಚಿನ ಅಲೈನ್‌ಮೆಂಟ್ ಯಾವುದೋ ಅದೇ ಇಡೀ ಸ್ಟ್ರಕ್ಚರ್‌ನದೂ ಹೌದು. ಕೊನೆಗೆ ಒಟ್ಟು ಗಾತ್ರವನ್ನು ಅದರ ಗುಣಕಕ್ಕೆ ಏರಿಸುವುದು. ಈ ಕಡೆಯ ಹೆಜ್ಜೆ ಬೇಕಾಗಿರುವುದು ಅರೇಗಾಗಿ: ಅರೇಯಲ್ಲಿ ಒಂದರ ಬೆನ್ನಿಗೆ ಇನ್ನೊಂದು ಸ್ಟ್ರಕ್ಚರ್ ಎಡೆಯಿಲ್ಲದೆ ಕೂರುತ್ತದೆ. ಮೊದಲನೆಯದರ ಗಾತ್ರ 23 ಆಗಿದ್ದರೆ ಎರಡನೆಯದರ ಪಾಯಿಂಟರ್‌ಗಳೆಲ್ಲ ತಪ್ಪು ವಿಳಾಸಕ್ಕೆ ಬೀಳುತ್ತಿದ್ದವು.

ಸದಸ್ಯರನ್ನು ಬರೆದ ಕ್ರಮವನ್ನು ಬದಲಿಸುವ ಅಧಿಕಾರ ಸಿ ಕಂಪೈಲರ್‌ಗೆ ಇಲ್ಲ. ಬರೆದ ಕ್ರಮದಲ್ಲೇ ವಿಳಾಸ ಏರಬೇಕು, ಮೊದಲ ಸದಸ್ಯನ ಮುಂದೆ ಖಾಲಿ ಇರಕೂಡದು ಎಂದು ಮಾನಕ ಹೇಳುತ್ತದೆ. ಬರೆಯುವವರು ಬದಲಿಸಬಹುದು. ಎರಡು ಪಾಯಿಂಟರ್‌ಗಳನ್ನು ಮೊದಲಿಟ್ಟು, ಅನಂತರ ಪಿನ್, ವಾರ್ಡುಗಳು, ಕೊನೆಗೆ ಮಟ್ಟ ಬರೆದರೆ ಸದಸ್ಯರು 0, 8, 16, 20, 22ರಲ್ಲಿ ಕೂರುತ್ತಾರೆ. ಕೊನೆಯ ಒಂದು ಬೈಟಷ್ಟೇ ಖಾಲಿ, ಒಟ್ಟು ಗಾತ್ರ 24. ಹತ್ತು ಲಕ್ಷ ದಾಖಲೆಗಳಿದ್ದರೆ ಕ್ರಮ ಬದಲಿಸಿದ್ದರಿಂದಲೇ 80 ಲಕ್ಷ ಬೈಟು ಉಳಿಯುತ್ತದೆ. ಮೆಮೊರಿ ಕಡಿಮೆಯಿರುವ ಪುಟ್ಟ ಚಿಪ್‌ಗಳಲ್ಲಿ ಈ ಉಳಿತಾಯವೇ ಪ್ರೋಗ್ರಾಂ ನಡೆಯುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸಬಹುದು.

ಇದೇ ಸ್ಟ್ರಕ್ಚರನ್ನು ತೇಜಸ್32ಕ್ಕಾಗಿ ಕಂಪೈಲ್ ಮಾಡಿದರೆ ಮೊದಲ ಕ್ರಮದಲ್ಲಿ 20 ಬೈಟು, ಎರಡನೆಯ ಕ್ರಮದಲ್ಲಿ 16. ಉನೊ ಬೋರ್ಡಿನಲ್ಲಿ ಪಿನ್ ಅನ್ನು ಲಾಂಗ್ ಮಾಡಿದರೆ ಎರಡು ಕ್ರಮದಲ್ಲೂ 11. ಆ ಚಿಪ್ ಒಂದೊಂದೇ ಬೈಟನ್ನು ಓದುವುದರಿಂದ ಅಲ್ಲಿ ಪ್ಯಾಡಿಂಗ್ ಬೇಕಿಲ್ಲ. ಒಂದೇ ಬರಹಕ್ಕೆ ಯಂತ್ರದಿಂದ ಯಂತ್ರಕ್ಕೆ ನಕ್ಷೆ ಬೇರೆಯಾಗುತ್ತದೆ. ಆದರೆ ಒಂದು ಯಂತ್ರ, ಒಂದು ಕಾರ್ಯವ್ಯವಸ್ಥೆಯೊಳಗೆ ಅದು ಬದಲಾಗಕೂಡದು. ಜಿಸಿಸಿ ಎಂಬ ಕಂಪೈಲರ್‌ನಿಂದ ಕಂಪೈಲ್ ಆದ ಭಾಗವೂ ಕ್ಲ್ಯಾಂಗ್‌ನಿಂದ ಕಂಪೈಲ್ ಆದ ಭಾಗವೂ ಒಂದೇ ಸ್ಟ್ರಕ್ಚರನ್ನು ಹಂಚಿಕೊಳ್ಳಬೇಕಲ್ಲ. ಇದಕ್ಕಾಗಿ ಪ್ರತಿ ಯಂತ್ರ ಕುಟುಂಬಕ್ಕೂ ಕಾರ್ಯವ್ಯವಸ್ಥೆಗೂ ತಕ್ಕಂತೆ ‘ಎಬಿಐ’ ಎಂಬ ಲಿಖಿತ ಒಪ್ಪಂದವಿದೆ. ಟೈಪ್‌ಗಳ ಗಾತ್ರ, ಅಲೈನ್‌ಮೆಂಟ್ ಎಲ್ಲವನ್ನೂ ಅದು ಕಟ್ಟುಮಾಡುತ್ತದೆ. ಅದರಂತೆ 64 ಬಿಟ್ ಲಿನಕ್ಸ್‌ನಲ್ಲಿ ಲಾಂಗ್ ಎಂದರೆ 8 ಬೈಟು, 64 ಬಿಟ್ ವಿಂಡೋಸ್‌ನಲ್ಲಿ 4.

ನಕ್ಷೆ ತಯಾರಾದ ಮೇಲೆ ಸದಸ್ಯರ ಹೆಸರುಗಳ ಕೆಲಸ ಮುಗಿಯಿತು. ದಾಖಲೆ 4096ನೇ ವಿಳಾಸದಲ್ಲಿದ್ದು ಅದರ ಪಿನ್ ಬೇಕೆಂದು ಬರೆದರೆ, ಯಂತ್ರಸೂಚನೆಯಲ್ಲಿ ಉಳಿಯುವುದು ‘4 ಕೂಡಿಸಿ 4100ರಿಂದ ನಾಲ್ಕು ಬೈಟು ಓದು’ ಎಂಬುದಷ್ಟೇ. ಸಿ ಭಾಷೆಯ ತೀರ ಎಳವೆಯಲ್ಲಿ ಇದು ಭಾಷೆಯಲ್ಲೇ ಎದ್ದು ಕಾಣುತ್ತಿತ್ತು: ಸದಸ್ಯನ ಹೆಸರೆಂದರೆ ಒಂದು ಆಫ್‌ಸೆಟ್ ಮತ್ತು ಟೈಪ್, ಯಾವ ಪಾಯಿಂಟರ್ ಜೊತೆಗಾದರೂ ಅದನ್ನು ಬಳಸಬಹುದಿತ್ತು. ಆಯಾ ಸ್ಟ್ರಕ್ಚರ್‌ಗೆ ಅದರದೇ ಸದಸ್ಯರು ಎಂಬ ಬಿಗಿ ಆಮೇಲೆ ಬಂತು.

ತನ್ನನ್ನೇ ತೋರಿಸುವ ಸ್ಟ್ರಕ್ಚರ್

‘ಮುಂದಿನದು’ ಎಂಬ ಸದಸ್ಯ ತಾನಿರುವ ಸ್ಟ್ರಕ್ಚರ್‌ನ ಟೈಪನ್ನೇ ತೋರಿಸುತ್ತಾನೆ. ಅವನನ್ನು ಓದುವಾಗ ಸ್ಟ್ರಕ್ಚರ್ ಇನ್ನೂ ಅರ್ಧದಲ್ಲಿರುತ್ತದೆ. ಅದರ ಗಾತ್ರ ಕಂಪೈಲರ್‌ಗೂ ತಿಳಿದಿರುವುದಿಲ್ಲ. ಹೀಗಿದ್ದರೂ ತೊಡಕಾಗದು. ಸದಸ್ಯನಿಗೆ ಬೇಕಾದ ಜಾಗ ಪಾಯಿಂಟರ್‌ನಷ್ಟೇ, ಅದು 8 ಬೈಟೆಂದು ಗೊತ್ತೇ ಇದೆ. ಸ್ಟ್ರಕ್ಚರ್‌ನ ದಾಖಲೆಯನ್ನು ಅಪೂರ್ಣವೆಂದು ಗುರುತು ಹಾಕಿ ಕಂಪೈಲರ್ ಮುಂದೆ ಸಾಗುತ್ತದೆ, ಮುಚ್ಚುವ ಆವರಣ ಬಂದಾಗ ಅದನ್ನು ಪೂರ್ಣಗೊಳಿಸುತ್ತದೆ. ಪಾಯಿಂಟರ್ ಬದಲು ಸ್ಟ್ರಕ್ಚರ್‌ನೊಳಗೆ ಅದೇ ಸ್ಟ್ರಕ್ಚರನ್ನು ಇಡಹೊರಟರೆ ಗಾತ್ರಕ್ಕೆ ಕೊನೆಯೇ ಇರದು. ಕಂಪೈಲರ್ ಅದನ್ನು ತಿರಸ್ಕರಿಸುತ್ತದೆ. ಲಿಂಕ್ಡ್ ಲಿಸ್ಟ್, ಟ್ರೀ ಮುಂತಾದ ಜೋಡಣೆಗಳೆಲ್ಲ ಈ ಒಂದು ಸೌಕರ್ಯದ ಮೇಲೆ ನಿಂತಿವೆ. ಪಟ್ಟಿಯ ಕೊನೆಯಲ್ಲಿ ‘ಮುಂದಿನದು’ ನಲ್ ಪಾಯಿಂಟರ್ ಆಗಿರುತ್ತದೆ; ಇಂದಿನ ಸಾಮಾನ್ಯ ಯಂತ್ರಗಳಲ್ಲಿ ಅದರ ಎಲ್ಲ ಬೈಟುಗಳೂ 0.

ಹೆಸರು ಒಳಗೋ ಹೊರಗೋ

ಕನ್ನಡದಲ್ಲಿ ಪ್ರೋಗ್ರಾಂ ಬಳಸುವವರಿಗೆ ಹೆಸರಿನ ಪ್ರಶ್ನೆ ಮುಖ್ಯ. ಹೆಸರನ್ನು ಚಾರ್ ಅರೇ ಆಗಿ ಸ್ಟ್ರಕ್ಚರ್‌ನೊಳಗೇ ಇಡಬಹುದು. ಪಾಯಿಂಟರ್ ಮಾತ್ರ ಒಳಗಿಟ್ಟು ಅಕ್ಷರಗಳನ್ನು ಹೊರಗೆಲ್ಲೋ ಇಡಬಹುದು. ಅರೇ ಆದರೆ ಎಷ್ಟು ಬೈಟು ಬೇಕೆಂದು ಮೊದಲೇ ಹೇಳಬೇಕು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು ಬೇಕು, ಮಲಯಾಳಕ್ಕೂ ಅಷ್ಟೇ. ‘ಕಾಸರಗೋಡು’ ಕಣ್ಣಿಗೆ ಐದು ಅಕ್ಷರ, ಸಂಕೇತಗಳು ಎಂಟು: ಕ, ಆಕಾರ, ಸ, ರ, ಗ, ಓತ್ವ, ಡ, ಉಕಾರ. ಆದ್ದರಿಂದ 24 ಬೈಟು, ಕೊನೆಯನ್ನು ಸೂಚಿಸುವ 0 ಸೇರಿ 25. ‘ಮಂಜೇಶ್ವರ’ಕ್ಕೂ ‘ಹೊಸದುರ್ಗ’ಕ್ಕೂ ಇಷ್ಟೇ ಬೇಕು. ಇದೇ ಜಿಲ್ಲೆಯ ನಾಲ್ಕನೆಯ ತಾಲೂಕು ‘ವೆಳ್ಳರಿಕುಂಡು’ 12 ಸಂಕೇತಗಳದ್ದು. ಅದಕ್ಕೆ 37 ಬೈಟು ಬೇಕು.

ಇಂಗ್ಲಿಷ್ ಲಿಪಿಯಲ್ಲಿ ಕಾಸರಗೋಡಿಗೆ 10 ಬೈಟು ಸಾಕಾಗುತ್ತದೆ. ಆ ಅಂದಾಜಿನಲ್ಲಿ 32 ಬೈಟಿನ ಅರೇ ಇಟ್ಟರೆ ಮೂರು ತಾಲೂಕುಗಳ ಹೆಸರು ಸರಿಯಾಗಿ ಕೂತು ನಾಲ್ಕನೆಯದು ಪಕ್ಕದ ಸದಸ್ಯನ ಜಾಗಕ್ಕೆ ಉಕ್ಕುತ್ತದೆ. ಸಿ ಭಾಷೆ ಅದನ್ನು ತಡೆಯುವುದಿಲ್ಲ. ಬಲವಂತವಾಗಿ 32ಕ್ಕೆ ಕತ್ತರಿಸಿದರೂ ಕೇಡೇ. 32 ಎಂಬುದು 3ರಿಂದ ಭಾಗವಾಗದು, ಸಂಕೇತವೊಂದು ನಡುವೆ ತುಂಡಾಗಿ ಪರದೆಯಲ್ಲಿ ಅರ್ಥವಿಲ್ಲದ ಗುರುತು ಮೂಡುತ್ತದೆ. ಆರಂಭದ ಯೂನಿಕ್ಸ್‌ನ 14 ಬೈಟುಗಳಲ್ಲಂತೂ ‘ಉಪ್ಪಳ’ ಎಂಬ ಪುಟ್ಟ ಹೆಸರೂ ಹಿಡಿಸದು. ಅದಕ್ಕೆ 15 ಬೇಕು. ಎರಡು ಲಿಪಿಗಳಲ್ಲಿ ದಾಖಲೆ ಇಡಬೇಕಾದ ಗಡಿನಾಡಿನಲ್ಲಿ ಜನರ, ಊರಿನ ಹೆಸರು ಅರ್ಧಕ್ಕೆ ಕಡಿಯದಂತೆ ನೋಡಿಕೊಳ್ಳುವ ಜವಾಬ್ದಾರಿ ಸ್ಟ್ರಕ್ಚರ್ ಬರೆಯುವವರದ್ದು.

ಪಾಯಿಂಟರ್ ಆದರೆ ಹೆಸರು ಎಷ್ಟು ಉದ್ದವಿದ್ದರೂ ಸ್ಟ್ರಕ್ಚರ್‌ನಲ್ಲಿ ಬೇಕಾಗುವುದು 8 ಬೈಟು. ಆದರೆ ಸ್ಟ್ರಕ್ಚರನ್ನು ನಕಲು ಮಾಡಿದಾಗ ನಕಲಾಗುವುದು ವಿಳಾಸ ಮಾತ್ರ. ಎರಡು ದಾಖಲೆಗಳು ಒಂದೇ ಹೆಸರಿನ ಬೈಟುಗಳನ್ನು ತೋರಿಸುತ್ತಿರುತ್ತವೆ. ಒಂದರ ಮೂಲಕ ಆ ಜಾಗವನ್ನು ಬಿಟ್ಟುಕೊಟ್ಟರೆ ಇನ್ನೊಂದರಲ್ಲಿ ಹಳಸಿದ ವಿಳಾಸ ಉಳಿಯುತ್ತದೆ.

ಫೈಲಿಗೆ ಬರೆಯುವಾಗ

ಸ್ಟ್ರಕ್ಚರನ್ನು ಮೆಮೊರಿಯಲ್ಲಿ ಇದ್ದ ಹಾಗೆಯೇ ಫೈಲಿಗೆ ಬರೆದರೆ ಮೇಲಿನ ಸಂಗತಿಗಳೆಲ್ಲ ಒಟ್ಟಿಗೆ ಎದುರಾಗುತ್ತವೆ. ಪಾಯಿಂಟರ್‌ನಲ್ಲಿರುವ ವಿಳಾಸಕ್ಕೆ ಆ ಓಟದ ಆಚೆ ಬೆಲೆಯಿಲ್ಲ. ಪ್ಯಾಡಿಂಗ್ ಬೈಟುಗಳಲ್ಲಿ ಏನಿರಬೇಕೆಂದು ನಿಯಮವಿಲ್ಲ. ಅಲ್ಲಿ ಹಿಂದೆ ಇದ್ದ ಮಾಹಿತಿ ಹೊರಬೀಳಬಹುದು. ಇದೇ ಕಾರಣದಿಂದ ಎರಡು ಸ್ಟ್ರಕ್ಚರ್‌ಗಳನ್ನು ಬೈಟು ಬೈಟಾಗಿ ಹೋಲಿಸುವುದೂ ನಂಬಲರ್ಹವಲ್ಲ. ಬೈಟುಗಳ ಕ್ರಮ ಬೇರೆಯಾದ ಯಂತ್ರದಲ್ಲಿ ಓದಿದರೆ 671121 ಎಂಬ ಪಿನ್ 2436696576 ಆಗುತ್ತದೆ. ಚಿಹ್ನೆಯುಳ್ಳ ಇಂಟ್ ಆದರೆ ಋಣಸಂಖ್ಯೆಯೇ ಆಗುತ್ತದೆ. ಪ್ಯಾಡಿಂಗ್ ಬೇಡವೆಂದು ಹೇಳುವ ‘ಪ್ಯಾಕ್ಡ್’ ಸೂಚನೆ ಹಲವು ಕಂಪೈಲರ್‌ಗಳಲ್ಲಿದೆ. ಅದು ಖಾಲಿ ಬೈಟುಗಳನ್ನು ತೆಗೆಯುತ್ತದೆ. ಬೈಟುಗಳ ಕ್ರಮವನ್ನೂ ಪಾಯಿಂಟರ್‌ನ ತೊಡಕನ್ನೂ ಬಗೆಹರಿಸುವುದಿಲ್ಲ. ಪಕ್ಕಾ ದಾರಿಯೆಂದರೆ ಪ್ರತಿ ಸದಸ್ಯನನ್ನೂ ನಿಗದಿತ ಗಾತ್ರದಲ್ಲಿ, ನಿಗದಿತ ಬೈಟು ಕ್ರಮದಲ್ಲಿ ಬಿಡಿಬಿಡಿಯಾಗಿ ಬರೆಯುವುದು. ಹೆಸರಿಗೆ ಮೊದಲು ಅದರ ಉದ್ದ, ಅನಂತರ ಅದರ ಬೈಟುಗಳು.

ಕಂಪೈಲರ್‌ನ ಈ ಲೆಕ್ಕವನ್ನು ಯಾರೂ ಊಹಿಸಿಕೊಳ್ಳಬೇಕಿಲ್ಲ, ಕೇಳಿ ತಿಳಿಯಬಹುದು. ‘ಸೈಜ್‌ಆಫ್’ ಗಾತ್ರ ಹೇಳುತ್ತದೆ, ‘ಆಫ್‌ಸೆಟ್‌ಆಫ್’ ಸದಸ್ಯನ ದೂರ ಹೇಳುತ್ತದೆ. 2011ರ ಮಾನಕದಿಂದ ಅಲೈನ್‌ಮೆಂಟನ್ನೂ ಕೇಳಬಹುದು. ದೋಷ ಹುಡುಕಲು ಅನುಕೂಲವಾಗಲೆಂದು ಕೋರಿದರೆ ಕಂಪೈಲರ್ ತನ್ನ ಟೈಪ್ ದಾಖಲೆಗಳನ್ನು ‘ಡ್ವಾರ್ಫ್’ ಎಂಬ ರೂಪದಲ್ಲಿ ಪ್ರೋಗ್ರಾಮಿನ ಫೈಲಿಗೇ ಸೇರಿಸಿಡುತ್ತದೆ. ಲಿನಕ್ಸ್‌ನ ‘ಪಹೋಲ್’ ಎಂಬ ಸಾಧನ ಆ ದಾಖಲೆಯನ್ನು ಓದಿ, ಪ್ರತಿ ಸ್ಟ್ರಕ್ಚರ್‌ನಲ್ಲಿ ಯಾವ ಸದಸ್ಯ ಎಲ್ಲಿದ್ದಾನೆ, ಎಲ್ಲೆಲ್ಲಿ ಎಷ್ಟು ಬೈಟು ಖಾಲಿಯಿದೆ ಎಂದು ಪಟ್ಟಿ ಮಾಡಿ ತೋರಿಸುತ್ತದೆ.